ಬಿಬಿಜಾನಳ ಆಕಾಶಕ್ಕೆ ಬಿದ್ದ ಕರೇ ತೂತು

ಬಿಬಿಜಾನ ಮನೆಯೊಳಗೆ ಮಲಗುವುದಿಲ್ಲ ಎಂಬುದು ಹೂವಿನ ಹಿಪ್ಪರಗಿಯಲ್ಲಿ ಯಾರಿಗೂ ಸುದ್ದಿಯಾಗಿ ಉಳಿದಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಓಣಿಯ ಹೆಂಗಸರು ಅದನ್ನು ಬಾಯಿತುಂಬ ಆಡಿಕೊಂಡರು. ಆಮೇಲೆ ಅವರಿಗೇ ಬೇಸರ ಬಂದು ಬಿಟ್ಟುಬಿಟ್ಟರು. ಬೇಸಿಗೆಯಲ್ಲಿ ಅಂಗಳದ ಹೊರಸಿನ ಮೇಲೆ, ಮಳೆಗಾಲದಲ್ಲಿ ಮೂರು ಕಡೆ ಬಯಲಿದ್ದ ತಗಡಿನ ಚಪ್ಪರದಡಿ, ಚಳಿಗಾಲದಲ್ಲಿ ಎರಡೆರಡು ಕೌದಿ ಹೊದ್ದು ಅದೇ ಅಂಗಳದಲ್ಲಿ ಅವಳ ನಿದ್ದೆ. ಗಂಡ ಇಸ್ಮಾಯಿಲನೂ ಅಲ್ಲೇ, ಆಮೇಲೆ ಹುಟ್ಟಿದ ಮಗಳೂ ಅಲ್ಲೇ. ಇಂಡಿಯ ಲಿಂಬೆಹಣ್ಣನ್ನು ಟೆಂಪೋದಲ್ಲಿ ಹೇರಿಕೊಂಡು ಊರೂರು ತಿರುಗುವ ಅವನು, ಮದುವೆಯ ಮರುದಿನವೇ ತನ್ನ ಹೊರಸನ್ನು ಹೆಗಲ ಮೇಲೆ ಹೊತ್ತು ಹೊರಗೆ ತಂದು ಅವಳ ಹೊರಸಿನ ಪಕ್ಕ ಹಾಕಿ, "ಒಳಗ ಮಕ್ಕೊಂಡ್ರ ಏನ್ ಕಾಣ್ತೈತಿ, ಜಂತಿ. ಇಲ್ಲಿ ಚುಕ್ಕಿರ ಕಾಣ್ತಾವ" ಎಂದಿದ್ದ. ಯಾಕೆ ಎಂದು ಅವನು ಕೇಳಲಿಲ್ಲ. ಅವಳು ಬೆಳೆದ ಇಂಡಿಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ, ಹಣ್ಣಿಗೆಂದು ಅಲ್ಲಿಗೆ ಹೋಗಿಬರುವ ಅವನಿಗೂ ಗೊತ್ತಿತ್ತು.

ಬಿಬಿಜಾನ ಹುಟ್ಟಿದ್ದು ಇಂಡಿಯಲ್ಲಲ್ಲ. ಗಡಿಯಾಚೆ, ಕಿಲ್ಲಾರಿಯ ಹತ್ತಿರದ ಒಂದು ಹಳ್ಳಿಯಲ್ಲಿ. ತೊಂಬತ್ತಮೂರರ ಆ ಭೂಕಂಪವಾದಾಗ ಅವಳಿನ್ನೂ ಲಂಗ ತೊಡುವ ಹುಡುಗಿ. ಅಜ್ಜಿಗೆ ಉಬ್ಬಸ, ಒಳಗೆ ಗಾಳಿ ಸಾಲದು. ಹಾಗಾಗಿ ಅಜ್ಜಿ ಅಂಗಳದಲ್ಲಿ ಮಲಗುತ್ತಿದ್ದಳು, ಮೊಮ್ಮಗಳು ಅವಳ ಮಗ್ಗುಲಲ್ಲಿ. ಬೆಳಗು ಹರಿಯುವ ಮುಂಚೆ ನೆಲ ಅಲುಗಿತು. ಕಣ್ಣು ಬಿಟ್ಟಾಗ ಮನೆ ಇದ್ದ ಜಾಗದಲ್ಲಿ ಧೂಳಿನ ಗುಡ್ಡೆ ಇತ್ತು. ಅಪ್ಪ, ಅವ್ವ, ತಮ್ಮ ಅದರೊಳಗಿದ್ದರು. ಇಂಡಿಯಿಂದ ಚಿಕ್ಕಮ್ಮ ಶಮಶಾದಬಿ ಬಂದು ಅಜ್ಜಿ, ಮೊಮ್ಮಗಳಿಬ್ಬರನ್ನೂ ತನ್ನ ಮನೆಗೆ ಕರೆದೊಯ್ದಳು. ಅಲ್ಲಿ ಹುಡುಗಿ ಊಟಕ್ಕೆ ಒಳಗೆ ಬರುತ್ತಿದ್ದಳು, ಓದುವುದಕ್ಕೂ ಬರುತ್ತಿದ್ದಳು. ಮಲಗು ಎಂದರೆ ಮಾತ್ರ ಎದ್ದು ಹೊರಗೆ ಹೋಗುತ್ತಿದ್ದಳು. ಚಿಕ್ಕಮ್ಮ ಗದರಿ ನೋಡಿದಳು, ಮುದ್ದಿಸಿ ನೋಡಿದಳು, ಕಡೆಗೆ ಒಂದು ಗಟ್ಟಿಮುಟ್ಟಾದ ಹೊರಸು ಹೆಣೆಸಿಕೊಟ್ಟು ಸುಮ್ಮನಾದಳು.

ಹೀಗೆ ಬೆಳೆದವಳು ಹೆದರುಪುಕ್ಕಿ ಎಂದುಕೊಳ್ಳಬೇಡಿ. ಹೂವಿನ ಹಿಪ್ಪರಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೆಂಗಸು ಅವಳೊಬ್ಬಳೇ. ಮಾವ ತೀರಿಕೊಂಡ ಮೇಲೆ ಮುಚ್ಚಿಹೋಗಲಿದ್ದ ಗಿರಣಿಯನ್ನು, "ನಾ ನಡಸ್ತೇನಿ" ಎಂದು ಮುಂದೆ ಬಂದು ಹಿಡಿದಳು. ಚಕ್ರದ ಪಟ್ಟಾ ಕಳಚಿದರೆ ತಾನೇ ಏರಿಸುತ್ತಿದ್ದಳು, ಕಲ್ಲು ಸವೆದರೆ ಉಳಿ ಹಿಡಿದು ಹಲ್ಲು ಮೂಡಿಸುತ್ತಿದ್ದಳು. ಜೋಳ, ಗೋಧಿ, ಖಾರ ಎಂದು ಬೆಳಗಿನಿಂದ ಸಂಜೆಯವರೆಗೆ ಡಬ್ಬಿಗಳ ಸಾಲು. ಗಿರಣಿ ಅವಳಿಗೆ ಹಿಡಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ಮಗಳು ಜಾಸ್ಮಿನಳ ಮುಂದೆ ಮಾತ್ರ ಹೇಳಿದ್ದಳು. "ಗಿರಣಿ ನಡದಾಗ ಕಾಲಾಗ ನೆಲ ನಡಗ್ತೈತಿ. ಯಾಕ ನಡಗ್ತೈತಿ ಅಂತ ನನಗ ಗೊತ್ತಿರ್ತೈತಿ. ಅದಕ್ಕ ಅಲ್ಲಿ ನನಗ ಅಂಜಿಕಿ ಬರೂದಿಲ್ಲ ನೋಡು."

ಕಳೆದ ವರ್ಷ ಮಳೆ ಹಿಂದಾಗುವ ಹೊತ್ತಿಗೆ, ಒಂದು ಇಳಿಸಂಜೆ, ನೆಲದೊಳಗಿನಿಂದ ಗುಡುಗಿನಂಥ ಸದ್ದು ಬಂತು. ಬಿಬಿಜಾನ ಆಗಷ್ಟೇ ಗಿರಣಿ ನಿಲ್ಲಿಸಿ ಹಿಟ್ಟು ಕೊಡವಿಕೊಂಡು ಮನೆಯ ಅಂಗಳಕ್ಕೆ ಕಾಲಿಟ್ಟಿದ್ದಳು. ಒಳಗೆ ಮಾಡದಲ್ಲಿದ್ದ ತಾಟುಗಳು ಗಲಗಲ ಎಂದವು, ಗೋಡೆಯಿಂದ ಮಣ್ಣು ಉದುರಿತು. ಪಕ್ಕದ ಮನೆಯ ಶೆಟ್ಟೆವ್ವನ ಎಮ್ಮೆ ಹಗ್ಗ ಜಗ್ಗಿ ಒದರಿತು. ಅಷ್ಟೇ, ಉಸಿರೆಳೆದು ಬಿಡುವಷ್ಟರಲ್ಲಿ ಮುಗಿದುಹೋಗಿತ್ತು. ಇಂಥ ಸಣ್ಣಪುಟ್ಟ ಕಂಪನ ಬಸವನ ಬಾಗೇವಾಡಿ ಕಡೆಯ ಊರುಗಳಿಗೆ ಹೊಸದಲ್ಲ. ಜನ ಹೊರಗೆ ಓಡಿ ಬಂದರು, ಎಣಿಸಿಕೊಂಡರು, ಎಲ್ಲರೂ ಇದ್ದಾರೆಂದು ತಿಳಿದು ಚಹಾ ಕಾಸಿದರು. ಆ ಸಂಜೆ ಊರಿಗೆ ಊರೇ ಹೊರಗೆ ಹಾಸಿಗೆ ಹಾಸಿತು. ಶೆಟ್ಟೆವ್ವ ತನ್ನ ಚಾಪೆಯನ್ನು ಬಿಬಿಜಾನಳ ಹೊರಸಿನ ಪಕ್ಕ ಬಿಡಿಸುತ್ತ, "ಇಷ್ಟ ವರ್ಸ ನಿನಗ ನಕ್ಕೆನಲ್ಲಾ ಬೀಬಿ, ಇವತ್ತ ನಿನ್ನ ಸಾಲಿಗೆ ಬಂದ್ ಸೇರೇನಿ ನೋಡು" ಎಂದಳು. ಬಿಬಿಜಾನ ನಕ್ಕು, ಅವಳಿಗೊಂದು ಕೌದಿ ಕೊಟ್ಟಳು. ಅವಳ ಎದೆ ಹೊಡೆದುಕೊಳ್ಳುತ್ತಿತ್ತು ನಿಜ. ಆದರೆ ಮೇಲೆ ಬಯಲು ಆಕಾಶ. ಅದು ಬೀಳುವುದಿಲ್ಲ ಎಂಬ ನೆಚ್ಚಿಕೆ ಅವಳಿಗಿತ್ತು.

ಆ ನೆಚ್ಚಿಕೆಯ ಬುಡಕ್ಕೇ ಪೆಟ್ಟು ಬಿದ್ದದ್ದು ಎರಡು ದಿನದ ಮೇಲೆ, ಮೊಬೈಲಿನಲ್ಲಿ. ಯಾವುದೋ ವಾಹಿನಿಯ ತುಣುಕೊಂದು ಊರ ತುಂಬ ಹರಿದಾಡಿತು. ಕೋಟು ತೊಟ್ಟವನೊಬ್ಬ ಕೈ ಬೀಸಿ ಬೀಸಿ ಹೇಳುತ್ತಿದ್ದ: ಬ್ರಹ್ಮಾಂಡ ಹುಟ್ಟಿದ ಮೊದಲ ಗಳಿಗೆಯಲ್ಲೇ ಹುಟ್ಟಿದ ಪುಟ್ಟಪುಟ್ಟ ಕಪ್ಪುಕುಳಿಗಳು ಆಕಾಶದಲ್ಲಿ ಅಲೆಯುತ್ತಿವೆಯಂತೆ. ಗಾತ್ರ ಧೂಳಿನ ಕಣಕ್ಕಿಂತ ಎಷ್ಟೋ ಸಣ್ಣದು, ಭಾರ ಮಾತ್ರ ಬೆಟ್ಟದಷ್ಟು. ಬಂದೂಕಿನ ಗುಂಡು ನಾಚುವ ವೇಗದಲ್ಲಿ ಬಂದು ಭೂಮಿಯನ್ನು ಸೂಜಿಯಂತೆ ತೂರಿ ಆಚೆ ಹೋಗಬಲ್ಲವು. ಇಷ್ಟು ಹೇಳಿ ಅವನು ವಿಜಯಪುರ ಜಿಲ್ಲೆಯ ನಕ್ಷೆಯ ಮೇಲೆ ಕೆಂಪು ಗೀರೊಂದನ್ನು ಎಳೆದು, "ಮೊನ್ನೆ ನೆಲ ನಡುಗಿಸಿ ಹಾದುಹೋದದ್ದು ಇದೇನಾ?" ಎಂದು ಕೇಳಿ ಮಾಯವಾದ.

"ಅದೇನೋ ಕರೇ ತೂತಂತ" ಎಂದು ಶೆಟ್ಟೆವ್ವ ಗಿರಣಿಯ ಕಟ್ಟೆಯ ಮೇಲೆ ಕೂತು ಸಾರಿದಳು. "ಕಣ್ಣೀಗಿ ಕಾಣೂದಿಲ್ಲಂತ. ಬಂದ್ರ ನುಂಗ್ತೈತಂತ."

"ತೂತ ಹ್ಯಾಂಗ ಬರ್ತೈತಿ ಬೇ? ತೂತ ಅಂದ್ರ ಏನೂ ಇಲ್ದಿದ್ದ ಜಾಗಾ ಅಲ್ಲೇನು?" ಎಂದಳೊಬ್ಬಳು.

"ನನ್ನ ಕೇಳಬ್ಯಾಡ. ಅಂವ ಹೇಳ್ಯಾನ, ನಾ ಹೇಳಾಕತ್ತೇನಿ."

ಮರುದಿನ ಕಾಲುವೆಯ ದಂಡೆಯ ಹೊಲದಲ್ಲಿ ದುಂಡಗಿನ ಹೊಸ ತೂತೊಂದು ಕಂಡಿತೆಂದು ಸುದ್ದಿಯಾಯಿತು. ಜನ ಮೋಟಾರ್ ಸೈಕಲ್ ಏರಿ ನೋಡಲು ಹೋದರು, ಯಾರೂ ಹತ್ತಿರ ಹೋಗಲೊಲ್ಲರು. ಕಡೆಗೆ ಶೆಟ್ಟೆವ್ವನೇ ತೊಗರಿ ಕಟ್ಟಿಗೆಯೊಂದನ್ನು ಒಳಗೆ ತೂರಿದಳು. ಕಟ್ಟಿಗೆಯ ತುದಿಯನ್ನು ಕಚ್ಚಿಕೊಂಡೇ ದಪ್ಪನೆಯ ಏಡಿಯೊಂದು ಹೊರಗೆ ಬಂತು. ಆ ಸಂಜೆಯೆಲ್ಲ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಕ್ಕು, ಅವರವರ ಹಾಸಿಗೆ ಸುತ್ತಿಕೊಂಡು ಒಳಗೆ ಹೋಗಿ ಮಲಗಿತು. ಊರಿನ ಮಟ್ಟಿಗೆ ಕರೇ ತೂತಿನ ಕಥೆ ಅಲ್ಲಿಗೆ ಮುಗಿಯಿತು.

ಬಿಬಿಜಾನಳಿಗೆ ಮುಗಿಯಲಿಲ್ಲ. ಬೇರೆಯವರಿಗೆ ಅದು ಹತ್ತು ಭಯಗಳ ಜೊತೆ ಹನ್ನೊಂದನೆಯದು. ಅವಳಿಗೋ, ಇಷ್ಟು ವರ್ಷ ಕಾಪಾಡಿಕೊಂಡು ಬಂದ ಒಂದೇ ಜಾಗವನ್ನು ಅದು ಕಿತ್ತುಕೊಂಡಿತ್ತು. ತಲೆಯ ಮೇಲಿನ ಮಣ್ಣಿನ ಮಾಳಿಗೆ ಬೀಳಬಹುದು ಎಂದು ಅವಳು ಆಕಾಶದಡಿ ಬಂದವಳು. ಈಗ ಆಕಾಶದಿಂದಲೇ ಬರುತ್ತದೆ ಎಂದರೆ? ಹೊರಸನ್ನು ಬೇವಿನ ಗಿಡದ ಕೆಳಗೆ ಸರಿಸಿದಳು. ಬೆಟ್ಟದ ಭಾರಕ್ಕೆ ಬೇವಿನ ಎಲೆ ಯಾವ ಲೆಕ್ಕ ಎನಿಸಿತು. ಚಪ್ಪರದಡಿ ಎಳೆದಳು, ಭೂಮಿಯನ್ನೇ ತೂರುವುದಕ್ಕೆ ತಗಡು ಅಡ್ಡವೇ ಎನಿಸಿತು. ಮೂರನೆಯ ರಾತ್ರಿಯಿಂದ ಹೊರಸಿನ ಮೇಲೆ ಮಲಗುವುದನ್ನೇ ಬಿಟ್ಟು, ಗೋಡೆಗೆ ಒರಗಿ ಕೂತೇ ಬೆಳಗು ಮಾಡತೊಡಗಿದಳು. ಕಣ್ಣು ಕೆಂಪಗೆ ಊದಿಕೊಂಡವು. ತೂಕಡಿಕೆಯಲ್ಲಿ ಕೈ ಎಲ್ಲಿ ಪಟ್ಟಾಕ್ಕೆ ಸಿಕ್ಕೀತೋ ಎಂದು ಇಸ್ಮಾಯಿಲ ಗಿರಣಿಗೆ ಬೀಗ ಹಾಕಿಸಿದ. ಜನ ಡಬ್ಬಿ ಹೊತ್ತುಕೊಂಡು ಬಸ್ಸಿಗೆ ಬಾಗೇವಾಡಿಗೆ ಹೋಗತೊಡಗಿದರು.

"ಅಮ್ಮಿ, ಅಂವ ಸುಳ್ಳ ಹೇಳ್ಯಾನ" ಎಂದಳು ಜಾಸ್ಮಿನ. ಬಾಗೇವಾಡಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ಹುಡುಗಿ.

"ಸುಳ್ಳಂದ್ರ? ಅಂಥಾದ್ದು ಇಲ್ಲಂತಿ?"

ಜಾಸ್ಮಿನ ತಡವರಿಸಿದಳು. "ಇರಬಹುದು ಅಂತಾರ... ಪುಸ್ತಕದಾಗೂ ಐತಿ..."

"ಹಂಗಾರ ಸುಳ್ಳ ಹ್ಯಾಂಗ ಆತು?" ಎಂದು ತಾಯಿ ಮುಖ ತಿರುಗಿಸಿದಳು.

ಅದೇ ವಾರ ಊರಿಗೊಂದು ಜೀಪು ಬಂತು. ಇಳಿದವಳು ಸಾಕ್ಷಿ ಎಂಬ ಹೆಂಗಸು, ಮುದ್ದೇಬಿಹಾಳ ಕಡೆಯವಳು. ನೆಲದ ಕಂಪನ ಅಳೆಯುವ ಇಲಾಖೆಯಲ್ಲಿ ಕೆಲಸ. ತನ್ನ ಯಂತ್ರವನ್ನು ಕೆಲವು ವಾರ ಊರಲ್ಲಿ ಇಡಬೇಕು, ಅದಕ್ಕೆ ಗಟ್ಟಿ ನೆಲದ, ಬೀಗವಿರುವ, ರಾತ್ರಿ ಯಾರೂ ಓಡಾಡದ ಒಂದು ಕೋಣೆ ಬೇಕು ಎಂದು ಪಂಚಾಯಿತಿ ಕಟ್ಟೆಯ ಮೇಲೆ ಕೇಳಿದಳು. ಕೂತವರೆಲ್ಲ ಒಂದೇ ದನಿಯಲ್ಲಿ, "ಬಿಬಿಜಾನಳ ಮನಿ!" ಎಂದರು.

ಹೀಗೆ, ಇಷ್ಟು ವರ್ಷ ಜೋಳದ ಚೀಲ ಬಿಟ್ಟರೆ ಬೇರೇನೂ ಇರದ ಒಳಕೋಣೆಯಲ್ಲಿ, ಸಾಕ್ಷಿ ಬಂಡೆ ಕಾಣುವವರೆಗೆ ನೆಲ ಅಗೆದು, ಕೊಡದ ಆಕಾರದ ಒಂದು ಯಂತ್ರವನ್ನು ಕೂರಿಸಿದಳು. ವಾಯರು ಎಳೆದು ಪಕ್ಕದಲ್ಲೊಂದು ಸಣ್ಣ ಪೆಟ್ಟಿಗೆ ಇಟ್ಟಳು. "ಅವ್ವಾರ, ಈ ದೀಪ ಹಸರ ಇದ್ರ ಎಲ್ಲಾ ಬರೋಬ್ಬರಿ. ಕೆಂಪಾದ್ರ ನನಗೊಂದ್ ಫೋನ್ ಮಾಡ್ರಿ. ದಿನಾ ಒಂದ್ ಸಲ ನೋಡಿದ್ರ ಸಾಕು" ಎಂದಳು. ಬಿಬಿಜಾನಳ ನಾಲಗೆಯ ತುದಿಗೆ ಕರೇ ತೂತಿನ ಪ್ರಶ್ನೆ ಬಂದಿತ್ತು. ಓದಿದ ಹೆಣ್ಣುಮಗಳು, ನಕ್ಕುಬಿಟ್ಟರೆ ಎಂದು ನುಂಗಿಕೊಂಡು, "ಆತ್ರಿ, ನೋಡ್ತೇನಿ" ಎಂದಳು.

ಮೊದಲೆರಡು ದಿನ ಹೊಸ್ತಿಲಲ್ಲೇ ನಿಂತು ಕತ್ತು ಚಾಚಿ ನೋಡಿದಳು. ಹಸಿರು. ಆಮೇಲೆ ಒಂದು ಹೆಜ್ಜೆ ಒಳಗಿಟ್ಟಳು. ಯಂತ್ರ ಏನು ಕೇಳಿಸಿಕೊಳ್ಳುತ್ತಿದೆಯೋ ಎಂದು ಒಂದು ಬೆಳಿಗ್ಗೆ ಅದರ ಎದುರು ಕುಕ್ಕರಗಾಲಲ್ಲಿ ಕೂತಿದ್ದಾಗ, ಮತ್ತೆ ಅದೇ ಸದ್ದು ಬಂತು. ದೂರದ ಕಲ್ಲುಗಣಿಯಲ್ಲಿ ಮದ್ದು ಹಾರಿಸಿದಂತೆ. ನೆಲ ಒಮ್ಮೆ ಮೈ ಕೊಡವಿತು. ಜಂತಿಯ ಸಂದಿನಿಂದ ಮಣ್ಣು ಸುರಿದು ಅವಳ ತಲೆಯ ಮೇಲೆ ಬಿತ್ತು. ಬಿಬಿಜಾನ ಹೇಗೆ ಎದ್ದಳೋ, ಹೇಗೆ ನಡುಮನೆ ದಾಟಿದಳೋ ಅವಳಿಗೇ ತಿಳಿಯದು. ಒಲೆಯ ಮುಂದಿದ್ದ ಜಾಸ್ಮಿನಳನ್ನು ಜಡೆ ಹಿಡಿದೇ ಎಳೆದುಕೊಂಡು ಅಂಗಳಕ್ಕೆ ಬಂದು ಬಿದ್ದಳು. "ಬಂತು, ಬಂತು" ಎನ್ನುತ್ತಿದ್ದಳು. ಇಸ್ಮಾಯಿಲ ಓಡಿ ಬಂದಾಗ ತಾಯಿ ಮಗಳನ್ನು ಬಿಗಿಯಾಗಿ ತಬ್ಬಿಕೊಂಡು, ನೆಲವನ್ನಲ್ಲ, ಆಕಾಶವನ್ನು ನೋಡುತ್ತಿದ್ದಳು.

ಅವತ್ತೇ ಮಧ್ಯಾಹ್ನ ಸಾಕ್ಷಿ ಬಂದಳು. ಒಳಕೋಣೆಗೆ ಹೋಗಿ ಬಂದು, ಚಪ್ಪರದಡಿ ಚಾಪೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಪರದೆಯ ಮೇಲೆ ಇರುವೆ ಸಾಲಿನಂಥ ಗೆರೆ, ನಡುನಡುವೆ ಮುಳ್ಳುಮುಳ್ಳಾಗಿ ಎದ್ದಿತ್ತು.

"ಇದ ನೋಡ್ರಿ ನಿಮ್ಮ ಯಜಮಾನ್ರ ಟೆಂಪೋ. ದಿನಾ ಬೆಳಿಗ್ಗಿ ಇದ ಹೊತ್ತಿಗೆ ಹೊಂಡತೈತಿ. ಇದು ಪಕ್ಕದ ಮನಿ ಎಮ್ಮಿ ಇರಬೇಕು, ಗ್ವಾದಲಿಗೆ ಒದೀತೈತಿ. ಇದು ನೀವ್ರಿ, ಬಾಗಲತನಾ ಬರ್ತೀರಿ, ನಿಂದರ್ತೀರಿ, ಹೊಳ್ಳಿ ಹೋಗ್ತೀರಿ." ಬಿಬಿಜಾನ ನಾಚಿ ಸೆರಗು ಸರಿಪಡಿಸಿಕೊಂಡಳು. "ಇವತ್ತಿಂದು ಇದು. ಸಣ್ಣದು. ನಮ್ಮ ಕಾಲ ಕೆಳಗ, ಭಾಳ ಆಳ ಇಲ್ಲ. ಮಳಿ ಜಗ್ಗಿ ಆದ ಮ್ಯಾಲ ಕೆಳಗಿನ ಬಂಡಿಗಲ್ಲಿನ ಸಂದ್ಯಾಗ ನೀರ ಇಳದು ಅವು ಹಿಂಗ ಸರೀತಾವ ಅಂತ ನಮ್ಮ ಅಂದಾಜು."

"ತಂಗಿ, ಒಂದ ಕೇಳ್ಲೇನು? ನಗಬಾರ್ದು."

"ಕೇಳ್ರಿ."

"ಅದು... ಕರೇ ತೂತ ಅಲ್ಲಲಾ?"

ಸಾಕ್ಷಿ ನಗಲಿಲ್ಲ. ಲ್ಯಾಪ್‌ಟಾಪ್ ಬದಿಗಿಟ್ಟು, ಅವಳ ಕಡೆ ತಿರುಗಿ ಕೂತಳು. "ಅಲ್ಲರಿ. ಖಾತ್ರಿ ಹೇಳ್ತೇನಿ. ಅಂಥಾದ್ದೊಂದು ಬಂದ್ರ ಬರೇ ಹಿಪ್ಪರಗಿ ಅಲ್ಲ, ಇಡೀ ಭೂಮಿನ ಒಂದ್ ಸಲ ಝುಂ ಅಂತೈತಿ. ಈ ಕಡಿಂದ ಹೊಕ್ಕು ಆ ಕಡಿಂದ ಪಾರಾಗಾಕ ಅದಕ್ಕ ನಿಮಿಷ ಸಾಕು. ಜಪಾನದಾಗೂ ಅಮೆರಿಕದಾಗೂ ನಮ್ಮಂಥಾವ್ರ ಯಂತ್ರ ಅದಾವ, ಎಲ್ಲಾದರಾಗೂ ಒಮ್ಮಿಗೇ ಗೆರಿ ಏಳಬೇಕು. ಇವತ್ತ ಎದ್ದಿದ್ದು ನಮ್ಮ ಇದರಾಗ, ಆಲಮಟ್ಟಿ ಕಡೆ ಇಟ್ಟಿದ್ದರಾಗ ಒಂಚೂರು. ಅದರಾಚೆ ಯಾರಿಗೂ ಸುದ್ದಿನ ಇಲ್ಲ."

"ನುಂಗೂದಿಲ್ಲೇನು ಅದು?"

"ನುಂಗಾಕ ಅದಕ್ಕ ಪುರಸೊತ್ತ ಎಲ್ಲೈತ್ರಿ? ಅಷ್ಟ ಜೋರಲೇ ಓಡೂದು, ಅದರ ಬಾಯಿ ನೋಡಿದ್ರ ಕಣ್ಣೀಗಿ ಕಾಣದಷ್ಟು. ದಾರ್ಯಾಗ ಸಿಕ್ಕಿದ್ದು ನಾಕ ಕಣ ತಿಂದು ಹೋಗ್ತೈತಿ."

"ಮನಷ್ಯಾನ ಮ್ಯಾಲ ಬಿದ್ರ?"

ಏನೂ ಆಗುವುದಿಲ್ಲ ಎಂದುಬಿಡುವುದು ಸಾಕ್ಷಿಗೆ ಸುಲಭವಿತ್ತು. "ಹಗರ ಇದ್ರ ಗೊತ್ತೂ ಆಗಾಕಿಲ್ಲ. ಭಾಳ ಭಾರ ಇದ್ದಿದ್ದು ಬಿದ್ರ ಗುಂಡ ಹೊಡದಂಗ, ಸಾಯ್ತಾರ. ಸುಳ್ಳ ಹೇಳೂದಿಲ್ಲ ನಿಮಗ. ಆದ್ರ ಅವ್ವಾರ, ಅಂಥಾವು ಅದಾವ ಅಂತ ಇನ್ನೂ ಯಾರೂ ಕಂಡಿಲ್ಲ. ಇದ್ರೂ, ಇಷ್ಟ ದೊಡ್ಡ ಭೂಮಿಗೆ ಒಂದು ಬಡೀಬೇಕಂದ್ರ ಲಕ್ಷಗಟ್ಟಲೆ ವರ್ಷ ಕಾಯಬೇಕು, ಅದಕ್ಕಿಂತ ಜಾಸ್ತಿನ ಅನ್ರಿ. ಅದರಾಗ ಮತ್ತ ಹಿಪ್ಪರಗಿ, ಹಿಪ್ಪರಗ್ಯಾಗ ನಿಮ್ಮ ಹೊರಸು? ಈ ಭೂಮಿ ಮ್ಯಾಲ ಇಲ್ಲಿತನಾ ಹುಟ್ಟಿ ಸತ್ತ ಮಂದ್ಯಾಗ ಒಬ್ಬರಿಗೂ ಹಂಗ ಆಗಿರಾಕಿಲ್ಲ."

ಬಿಬಿಜಾನ ಬೆರಳಿನಿಂದ ಚಾಪೆಯ ಎಳೆಯೊಂದನ್ನು ಎಳೆಯುತ್ತ, ಇಷ್ಟು ವರ್ಷ ಯಾರನ್ನೂ ಕೇಳದೆ ಇದ್ದದ್ದನ್ನು ಕೇಳಿದಳು. "ನಾ ಕಿಲ್ಲಾರಿ ಕಡ್ಯಾಕಿ. ಅವತ್ತ ನಮ್ಮವ್ವ, ಅಪ್ಪ, ತಮ್ಮ ಹೋದ್ರು. ಅವತ್ತಿಂದ ನಾ ಒಳಗ ಮಕ್ಕೊಂಡಿಲ್ಲ. ನಾನು ಹುಚ್ಚಿ ಏನು?"

ಸಾಕ್ಷಿ ಎದ್ದಳು. ನಡುಮನೆಗೆ ಹೋಗಿ ಮೇಲೆ ನೋಡಿದಳು. ದಪ್ಪ ಜಂತಿಗಳು, ಅವುಗಳ ಮೇಲೆ ಹಲಗೆ, ಹಲಗೆಯ ಮೇಲೆ ನೀರು ಸೋರದಂತೆ ಹಾಸಿದ ಹಾಳಮಣ್ಣು. ಗೋಡೆ ತಟ್ಟಿ ನೋಡಿದಳು. ದುಂಡುಕಲ್ಲು, ಮಣ್ಣಿನ ಗಾರೆ.

"ಈ ಮಾಳಿಗಿ ಮ್ಯಾಲ ವರ್ಷಾ ಮಣ್ಣ ಹಾಕ್ತೀರೇನ್ರಿ?"

"ಹೌದ್ರಿ" ಎಂದ ಇಸ್ಮಾಯಿಲ. "ಮಳಿಗಿಂತ ಮುಂಚೆ. ನಮ್ಮಪ್ಪ ಹಾಕ್ತಿದ್ದ, ನಮ್ಮಜ್ಜಾನೂ."

"ಹಳೇದ ತಗದು?"

"ಹಳೇದರ ಮ್ಯಾಲರಿ."

ಸಾಕ್ಷಿ ಬಿಬಿಜಾನಳ ಕೈ ಹಿಡಿದುಕೊಂಡಳು. "ನೀವು ಹುಚ್ಚಿ ಅಲ್ಲ. ಕಿಲ್ಲಾರ್ಯಾಗ ಮಂದೀನ ಕೊಂದಿದ್ದು ಇಂಥಾ ಮಾಳಿಗಿನ. ನೆಲ ಎಷ್ಟ ಅಲಗ್ಯಾಡಿತು ಅನ್ನೂದಕ್ಕಿಂತ, ತಲಿ ಮ್ಯಾಲ ಎಷ್ಟ ಭಾರ ಇತ್ತು ಅನ್ನೂದು ದೊಡ್ಡದು. ಈ ಮನ್ಯಾಗ ಮಲಗೂದಿಲ್ಲ ಅಂತ ಹಟಾ ಹಿಡದ್ರೆಲ್ಲಾ, ಅದು ಶ್ಯಾಣ್ಯಾತನದ ಹಟಾ. ಆಕಾಶಕ್ಕ ಮಾತ್ರ ಅಂಜಬ್ಯಾಡ್ರಿ, ಅದು ಪಾಪ ಏನೂ ಮಾಡೂದಿಲ್ಲ. ಈ ಮಣ್ಣ ಇಳಸ್ರಿ, ಗ್ವಾಡಿ ಸುತ್ತ ಮ್ಯಾಲೊಂದ್ ಸಿಮಿಂಟಿನ ಪಟ್ಟಿ ಕಟ್ರಿ, ತಗಡ ಹಾಕ್ರಿ. ಆಮ್ಯಾಲೆ ಒಳಗ ಮಕ್ಕೋರಿ, ಬಿಡ್ರಿ, ನಿಮ್ಮಿಷ್ಟ."

ಬಿಬಿಜಾನ ಅಳುತ್ತಾಳೆಂದು ಜಾಸ್ಮಿನ ಹತ್ತಿರ ಸರಿದಳು. ಅವಳು ಅಳಲಿಲ್ಲ. ಒಂದು ದೊಡ್ಡ ಉಸಿರು ಬಿಟ್ಟಳು. ಹೊಲದಿಂದ ಹೊತ್ತು ತಂದ ಜೋಳದ ಮೇವಿನ ಕಣಕಿ ಹೊರೆಯನ್ನು ಅಂಗಳದಲ್ಲಿ ಇಳಿಸುವಾಗ ಹೆಂಗಸರು ಬಿಡುತ್ತಾರಲ್ಲ, ಅಂಥದ್ದು. "ಕೇಳಿದಿ?" ಎಂದು ಗಂಡನತ್ತ ತಿರುಗಿದಳು. "ಶ್ಯಾಣ್ಯಾತನ ಅಂತ."

"ನಾ ಯಾವಾಗ ಅಲ್ಲ ಅಂದೇನಿ?" ಎಂದ ಇಸ್ಮಾಯಿಲ.

ಸಾಕ್ಷಿಗೆ ಊಟ ಬಡಿಸಿ, ಜೀಪಿನವರೆಗೆ ಹೋಗಿ ಕಳಿಸಿ ಬಂದವಳು, ಹೊರಸನ್ನು ಚಪ್ಪರದಡಿಯಿಂದ ಬಯಲಿಗೆ ಎಳೆದು, ಒಂದು ಗಳಿಗೆ ಒರಗುತ್ತೇನೆ ಎಂದಳು. ಹಾಡಹಗಲು, ಓಣಿಯಲ್ಲಿ ಹುಡುಗರ ಗದ್ದಲ, ಶೆಟ್ಟೆವ್ವನ ಎಮ್ಮೆಯ ಕೂಗು. ಅವಳಿಗೆ ಯಾವುದೂ ಕೇಳಲಿಲ್ಲ. ಬಾಯಿ ಸ್ವಲ್ಪ ತೆರೆದು, ಒಂದು ಕಾಲು ಹೊರಸಿನಿಂದ ಜೋತುಬಿಟ್ಟು, ಆಕಾಶಕ್ಕೆ ಮುಖ ಮಾಡಿ ಮಲಗಿದವಳು ಸಂಜೆ ದೀಪ ಹಚ್ಚುವ ಹೊತ್ತಿಗೂ ಏಳಲಿಲ್ಲ. ಡಬ್ಬಿ ಹಿಡಿದು ವಿಚಾರಿಸಲು ಬಂದವರನ್ನೆಲ್ಲ ಶೆಟ್ಟೆವ್ವ ಬಾಗಿಲಲ್ಲೇ ನಿಂತು, "ನಾಳಿ ಬರ್ರಿ, ಗಿರಣಿ ನಾಳಿ ಚಾಲೂ" ಎಂದು ಪಿಸುಗುಟ್ಟಿ ಓಡಿಸಿದಳು.

ಯಂತ್ರ ತನ್ನ ಕೆಲಸ ಮುಗಿಸಿ ಊರು ಬಿಟ್ಟ ಮೇಲೆ, ಹಿಂಗಾರಿ ಬಿತ್ತನೆ ಮುಗಿಸಿಕೊಂಡು ನಾಲ್ಕು ಆಳು ಮಾಳಿಗೆ ಏರಿದರು. ಅಜ್ಜ ಹಾಕಿದ ಮಣ್ಣು, ಅಪ್ಪ ಹಾಕಿದ ಮಣ್ಣು, ಇಸ್ಮಾಯಿಲ ಹಾಕಿದ ಮಣ್ಣು ಪದರುಪದರಾಗಿ ಕೆಳಗೆ ಬಂತು. ಅಷ್ಟು ಮಣ್ಣು ಈ ಮನೆಯವರ ತಲೆಯ ಮೇಲಿತ್ತೇ ಎಂದು ಓಣಿಯವರು ಮೂಗಿನ ಮೇಲೆ ಬೆರಳಿಟ್ಟರು. ಇಬ್ಬರು ಮೂವರು ತಮ್ಮ ಮನೆಯ ಮಾಳಿಗೆಯನ್ನೂ ಸುಮ್ಮನೆ ಒಮ್ಮೆ ತಲೆಯೆತ್ತಿ ನೋಡಿಕೊಂಡರು. ಬಿಬಿಜಾನ ಗಿರಣಿಯಿಂದ ಬಂದು, ಹಿಟ್ಟಿನ ಮೈಯಲ್ಲೇ ನಿಂತು, ಒಂದು ಬುಟ್ಟಿ ಮಣ್ಣನ್ನು ತಾನೂ ಹೊತ್ತು ಹಿತ್ತಲಿಗೆ ಸುರಿದಳು. ಗೋಡೆಯ ಮೇಲೆ ಪಟ್ಟಿ ಬಂತು, ಅದರ ಮೇಲೆ ಹೊಸ ತಗಡು ಬಂತು. ಪಟ್ಟಿಗೂ ತಗಡಿಗೂ ನಡುವಿನ ಸಂದಿನಿಂದ ನಡುಮನೆಯೊಳಗೆ ಹಿಂದೆಂದೂ ಇಲ್ಲದ ಬೆಳಕು ಬಂತು.

ಒಳಗೆ ಮಲಗು ಎಂದು ಯಾರೂ ಹೇಳಲಿಲ್ಲ. ಚಳಿ ಜೋರಾದ ಒಂದು ದಿನ ಊಟವಾದ ಮೇಲೆ ಅವಳೇ ಹೊರಸಿನ ಒಂದು ತುದಿ ಹಿಡಿದು, "ಆ ಕಡೆ ಹಿಡೀರಿ" ಎಂದಳು.

ಮರುದಿನ ಬೆಳಿಗ್ಗೆ ಇಸ್ಮಾಯಿಲ ಕಣ್ಣು ಉಜ್ಜುತ್ತ ಶೆಟ್ಟೆವ್ವನ ಕಟ್ಟೆಗೆ ಬಂದು ಕೂತ. "ಏನಾತೋ? ಆಕಿ ಮಕ್ಕೊಂಡ್ಲಿಲ್ಲೇನು?" ಎಂದು ಶೆಟ್ಟೆವ್ವ ಗಾಬರಿಯಿಂದ ಕೇಳಿದಳು.

"ಆಕಿ ಮಕ್ಕೊಂಡ್ಲು, ಭೇಷ್ ಮಕ್ಕೊಂಡ್ಲು. ಗ್ವಾಡಿ ನಡು ಗೊರಕಿ ಹ್ಯಾಂಗ ಬಡೀತೈತಿ ಅಂದ್ರ! ಇಷ್ಟ ದಿನಾ ಬಯಲಾಗ ಹಾರಿ ಹೋಗ್ತಿತ್ತು, ಗೊತ್ತ ಆಗ್ತಿರಲಿಲ್ಲ" ಎಂದ ಅವನು. "ನನಗೊಂದಿಷ್ಟ ಚಾ ಕೊಡವ್ವ. ಇವತ್ತ ನಾ ಒಬ್ಬನ ಹೊರಗ ಹಾಸ್ಕೊಂತೇನಿ."